ಹಿಂದೆ ಏನಿರಬೇಕು?

ಕನ್ನಡದಲ್ಲಿ ‘ಹಿನ್ನೆಲೆ’ ಎಂಬ ಪದಕ್ಕೆ ಎರಡು ಕೆಲಸ. ಫೋಟೋದಲ್ಲಿ ಮನುಷ್ಯನ ಬೆನ್ನ ಹಿಂದೆ ಕಾಣುವ ಗೋಡೆ, ಗಿಡ, ಬೀದಿ ಎಲ್ಲವೂ ಹಿನ್ನೆಲೆ. ಹೆಣ್ಣು ನೋಡಲು ಬಂದವರು, ಮನೆ ಬಾಡಿಗೆಗೆ ಕೊಡುವವರು, ಸಂದರ್ಶನದ ಮೇಜಿನ ಆಚೆ ಕೂತವರು ಸುತ್ತಿ ಬಳಸಿ ವಿಚಾರಿಸುವುದೂ ಹಿನ್ನೆಲೆಯನ್ನೇ. ಯಾವ ಊರು, ಯಾವ ಕೇರಿ, ಅಪ್ಪ ಏನು ಮಾಡುತ್ತಿದ್ದರು? ಕಳೆದ ವರ್ಷ ನಾನು ಪ್ಲಾಸ್ಟಿಕ್ ಪೈಪುಗಳಿಂದ ಒಂದು ಸ್ಟ್ಯಾಂಡ್ ಮಾಡಿಕೊಂಡೆ. ಫೋಟೋ ತೆಗೆಯುವಾಗ ಹಿಂದೆ ಬಟ್ಟೆ ಇಳಿಬಿಡುವುದಕ್ಕೆ ಅದು. ಅದನ್ನು ಹೊತ್ತು ಮನೆಮನೆಗೆ ಹೋಗತೊಡಗಿದ ಮೇಲೆ ಪದದ ಈ ಎರಡು ಅರ್ಥಗಳು ನಾನು ಅಂದುಕೊಂಡಷ್ಟು ದೂರದವಲ್ಲ ಅನ್ನಿಸಿತು. ಒಬ್ಬರ ಹಿಂದೆ ಬಟ್ಟೆ ಕಟ್ಟಿದಾಗ ಗೋಡೆಯ ಜೊತೆಗೆ ಅವರ ಬದುಕಿನ ಒಂದಿಷ್ಟು ಸಂಗತಿಯೂ ಮರೆಯಾಗುತ್ತದೆ. ಹಾಗೆ ಮರೆಮಾಡುವುದು ಅವರಿಗೆ ತೋರಿಸುವ ಮರ್ಯಾದೆಯೋ, ನೋಡುವವರಿಗೆ ಹೇಳುವ ಸುಳ್ಳೋ? ಅದನ್ನು ತೀರ್ಮಾನಿಸಬೇಕಾದವರು ಯಾರು?

ಮೊದಲು ಸ್ಟ್ಯಾಂಡಿನ ವಿಷಯ ಹೇಳಿಬಿಡುತ್ತೇನೆ. ಮಂಡ್ಯದ ಕಡೆಯ ನಮ್ಮೂರಿನಲ್ಲಿ ನಾವು ನಾಲ್ಕೈದು ಗೆಳೆಯರು ಸೇರಿ, 60 ದಾಟಿದ ಎಲ್ಲರದ್ದೂ ಒಂದೊಂದು ಒಳ್ಳೆಯ ಫೋಟೋ ತೆಗೆದು ಪ್ರಿಂಟ್ ಹಾಕಿಸಿ ಕೊಡಬೇಕು ಎಂದುಕೊಂಡೆವು. ಕಾರಣ ಸರಳ. ಯಾರಾದರೂ ತೀರಿಕೊಂಡ ದಿನ ಮನೆಯವರು ಫೋಟೋ ಹುಡುಕಲು ಶುರುಮಾಡುತ್ತಾರೆ. ಸಿಗುವುದು ರೇಷನ್ ಕಾರ್ಡಿನಲ್ಲಿರುವ ಮಸುಕು ಮುಖ, ಇಲ್ಲವೇ ಯಾರದೋ ಮದುವೆಯ ಗುಂಪಿನಲ್ಲಿ ಮೂರನೇ ಸಾಲಿನಲ್ಲಿ ನಿಂತ ಚಿತ್ರ. ಸ್ಟುಡಿಯೋದವರು ಆ ತಲೆಯನ್ನಷ್ಟೇ ಕತ್ತರಿಸಿ ನೀಲಿ ಆಕಾಶದ ಮೇಲೆ ಅಂಟಿಸಿ, ಪಕ್ಕದವರ ಭುಜ ಅಳಿಸಿ ದೊಡ್ಡದು ಮಾಡಿಕೊಡುತ್ತಾರೆ. ಹೂವಿನ ಹಾರ ಬೀಳುವುದು ಅದಕ್ಕೆ. ಬದುಕಿದ್ದಾಗ ಒಮ್ಮೆಯೂ ಒಂಟಿಯಾಗಿ, ತಾನಾಗಿ ಕ್ಯಾಮೆರಾ ಮುಂದೆ ಕೂರದ ಹೆಂಗಸರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ.

ಅಂಗಡಿಯ ಸ್ಟ್ಯಾಂಡಿಗೆ ದುಡ್ಡು ಹಾಕುವ ಮನಸ್ಸಿರಲಿಲ್ಲ. ಹಾರ್ಡ್‌ವೇರ್ ಅಂಗಡಿಯಿಂದ ಒಂದಿಂಚಿನ, 20 ಅಡಿ ಉದ್ದದ ಎರಡು ಪಿವಿಸಿ ಪೈಪು ತಂದೆ. ನಾಲ್ಕು ಟೀ, ಎರಡು ಎಲ್ಬೋ, ನಾಲ್ಕು ಕಪ್ಲರ್, ನಾಲ್ಕು ಎಂಡ್ ಕ್ಯಾಪ್. ಏಳಡಿಯ ಎರಡು ಕಂಬ, ಮೇಲೆ ಎಂಟಡಿಯ ಒಂದು ಅಡ್ಡಪೈಪು, ಕಂಬಗಳು ಅಗಲಿಸದಂತೆ ಕೆಳಗೆ ಅಷ್ಟೇ ಉದ್ದದ ಇನ್ನೊಂದು, ಹಿಂದೆ ಮುಂದೆ ಚಾಚಿದ ಒಂದೂವರೆ ಅಡಿಯ ನಾಲ್ಕು ಪಾದ. ಎಲ್ಲ ಸೇರಿ 36 ಅಡಿ. ಮಿಕ್ಕ ನಾಲ್ಕಡಿ ಪೈಪು ಮನೆಯ ಅವರೆ ಬಳ್ಳಿಗೆ ಊರುಗೋಲಾಯಿತು. ಖರ್ಚು 1,000 ರೂಪಾಯಿ ದಾಟಲಿಲ್ಲ. ಕಂಬಗಳನ್ನೂ ಅಡ್ಡಪೈಪುಗಳನ್ನೂ ಮಧ್ಯಕ್ಕೆ ಕತ್ತರಿಸಿ ಕಪ್ಲರ್ ಹಾಕಿದ್ದರಿಂದ ಯಾವ ತುಂಡೂ ನಾಲ್ಕಡಿಗಿಂತ ಉದ್ದವಿಲ್ಲ. ಗೋಣಿಚೀಲಕ್ಕೆ ಸುತ್ತಿ ಬೈಕಿನಲ್ಲಿ ಒಯ್ಯಬಹುದು. ಸಲ್ಯೂಷನ್ ಹಚ್ಚಿ ಅಂಟಿಸಿದ್ದು ಎಂಡ್ ಕ್ಯಾಪುಗಳನ್ನು ಮತ್ತು ಪ್ರತಿ ಕಪ್ಲರಿನ ಒಂದು ಬದಿಯನ್ನು ಮಾತ್ರ. ಉಳಿದ ಕೀಲುಗಳು ಒತ್ತಿದರೆ ಕೂರುತ್ತವೆ, ತಿರುವಿ ಎಳೆದರೆ ಬಿಡುತ್ತವೆ. ಗಾಳಿಗೆ ಬೀಳದಿರಲೆಂದು ಪಾದಗಳಿಗೆ ಮರಳು ತುಂಬಿದೆ.

ಅಡ್ಡಪೈಪು ಇನ್ನೂ ಉದ್ದ ಇರಲಿ, ಇಡೀ ಸಂಸಾರ ಒಟ್ಟಿಗೆ ನಿಲ್ಲಬಹುದು ಎಂದು ಗೆಳೆಯರೊಬ್ಬರು ಹೇಳಿದರು. ಆದರೆ ಅಷ್ಟಕ್ಕೇ ಪ್ಲಾಸ್ಟಿಕ್ ಪೈಪಿನ ಸ್ವಭಾವ ಅಡ್ಡ ಬರುತ್ತದೆ. ಒಂದೇ ದಪ್ಪದ ಪೈಪಿಗೆ ಒಂದೇ ಬಗೆಯ ಬಟ್ಟೆ ಉದ್ದಕ್ಕೂ ಇಳಿಬಿಟ್ಟಾಗ, ಪೈಪಿನ ಉದ್ದ ಎರಡು ಪಟ್ಟಾದರೆ ನಡುವಿನ ಜೋಲು 16 ಪಟ್ಟಾಗುತ್ತದೆ. ಎಂಟಡಿಯಲ್ಲಿ ಬೆರಳಗಲ ಜಗ್ಗುವುದು 16 ಅಡಿಯಲ್ಲಿ ತೊಟ್ಟಿಲಾಗುತ್ತದೆ. ಹಾಗಾಗಿ ಎಂಟಡಿಗೇ ನಿಲ್ಲಿಸಿದೆ. ಒಬ್ಬರು ಕೂರಬಹುದು, ಇಬ್ಬರು ಕೂರಬಹುದು, ಬಹಳ ಅಂದರೆ ಮೂವರು. ಬೂದಿಬಣ್ಣದ ಒಂದು ಹಾಸುಹೊದಿಕೆಯನ್ನು ಇಸ್ತ್ರಿ ಮಾಡಿ, ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಂದ ಸಿಕ್ಕಿಸಿದರೆ ಹಿನ್ನೆಲೆ ಸಿದ್ಧ. ಕೂತವರು ಬಟ್ಟೆಯಿಂದ ನಾಲ್ಕಡಿ ಮುಂದೆ ಇದ್ದರೆ ನೆರಳು ಅದರ ಮೇಲೆ ಬೀಳುವುದಿಲ್ಲ, ಸುಕ್ಕೂ ಕಾಣುವುದಿಲ್ಲ.

ಇಷ್ಟರವರೆಗೆ ಇದು ಬರೀ ಪೈಪು, ಬಟ್ಟೆ, ಲೆಕ್ಕಾಚಾರ. ಪ್ರಶ್ನೆ ಬಂದದ್ದು ಒಬ್ಬ ಅಜ್ಜಿಯಿಂದ. ಅವರದು ಸರ್ಕಾರದ ವಸತಿ ಯೋಜನೆಯಲ್ಲಿ ಕಟ್ಟಿದ ಮನೆ. ಮುಂಗೋಡೆಯ ಮೇಲೆ ಯೋಜನೆಯ ಹೆಸರು, ವರ್ಷ, ಕೆಳಗೆ ‘ಫಲಾನುಭವಿ’ ಎಂದು ಬರೆದು ಅಜ್ಜಿಯ ಹೆಸರು. ಬೆಳಕು ಚೆನ್ನಾಗಿ ಬೀಳುತ್ತಿದ್ದುದು ಆ ಗೋಡೆಯ ಮುಂದೆಯೇ. ನಾನು ಇನ್ನೂ ಚೀಲ ಬಿಚ್ಚಿರಲಿಲ್ಲ. ಅಜ್ಜಿ ಅಂದರು: “ಗ್ವಾಡೆ ಮ್ಯಾಲೆ ಬರ್ದಿರದು ಕಾಣ್ದಂಗೆ ತಗಿಯಪ್ಪ. ಸತ್ ಮ್ಯಾಲೂ ನಾನು ಫಲಾನುಭವಿನೇ ಆಗಿರ್ಬೇಕಾ?”

ಆ ಮಾತಿನಲ್ಲಿ ಅಳು ಇರಲಿಲ್ಲ, ಸಿಟ್ಟೂ ಇರಲಿಲ್ಲ. ಸೀರೆಯ ಸೆರಗು ಸರಿಮಾಡಿಕೊಂಡಷ್ಟೇ ಸಹಜವಾಗಿ ಹೇಳಿದರು. ಬಟ್ಟೆ ಕಟ್ಟಿದೆವು, ಫೋಟೋ ತೆಗೆದೆವು. ಆದರೆ ಜೊತೆಗಿದ್ದ ಒಬ್ಬ ಗೆಳೆಯನಿಗೆ ಅದು ಸರಿಬರಲಿಲ್ಲ. ಅವನ ವಾದವನ್ನು ತಳ್ಳಿಹಾಕುವಂತಿಲ್ಲ. ಆ ಮನೆಯೇ ಅಜ್ಜಿಯ ಬದುಕಿನ ದೊಡ್ಡ ಸಂಗತಿ. ಗುಡಿಸಲಿನಿಂದ ಅಲ್ಲಿಗೆ ಬರಲು ಅವರು ಎಷ್ಟು ಕಚೇರಿ ಸುತ್ತಿರಬೇಕು! ಅದನ್ನು ತೆಗೆದುಹಾಕಿದರೆ ಉಳಿಯುವುದು ಎಲ್ಲಿಯೂ ಸಲ್ಲದ, ಯಾವ ಊರಿನವರೂ ಆಗಬಹುದಾದ ಒಂದು ಮುಖ. ಮೊಮ್ಮಕ್ಕಳು ನಾಳೆ ಆ ಫೋಟೋ ನೋಡಿ ಅಜ್ಜಿ ಎಲ್ಲಿದ್ದಳು, ಹೇಗಿದ್ದಳು ಎಂದು ತಿಳಿಯುವುದು ಹೇಗೆ? ಬಡತನವನ್ನು ಬಟ್ಟೆಯಿಂದ ಮುಚ್ಚುವುದು ಸುಳ್ಳಲ್ಲವೇ?

ಈ ವಾದಕ್ಕೆ ಉತ್ತರ ಹುಡುಕುವಾಗ ನನಗೆ ನೆನಪಾದದ್ದು ಆ ಮನೆಯ ಬೇರೆ ಫೋಟೋಗಳು. ವಸತಿ ಯೋಜನೆಗಳಲ್ಲಿ ಹಣ ಕಂತು ಕಂತಾಗಿ ಬರುತ್ತದೆ. ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಹೀಗೆ ಒಂದೊಂದು ಹಂತಕ್ಕೂ ಫಲಾನುಭವಿಯನ್ನು ಮನೆಯ ಮುಂದೆ ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಜಾಗದ ಅಕ್ಷಾಂಶ ರೇಖಾಂಶ ಅದರೊಳಗೇ ದಾಖಲಾಗುತ್ತದೆ. ಅಲ್ಲಿ ಯಾರಾದರೂ ಬಟ್ಟೆ ಕಟ್ಟಿದರೆ ಅದು ನಿಜಕ್ಕೂ ಮೋಸ. ಯಾಕೆಂದರೆ ಆ ಫೋಟೋ ನೋಡುವವರಿಗೆ ಗೋಡೆ ಎದ್ದಿದೆಯೋ ಇಲ್ಲವೋ ಎಂದು ತಿಳಿಯುವ ಹಕ್ಕಿದೆ; ಹಣ ಸಾರ್ವಜನಿಕರದು. ಆ ಫೋಟೋಗಳ ವಿಷಯ ಮನೆ. ಅಜ್ಜಿ ಅಲ್ಲಿ ಮನೆಗೆ ಸಾಕ್ಷಿಯಾಗಿ ನಿಂತವರು. ನೆರೆ ಬಂದು ಗೋಡೆ ಕುಸಿದು ಪರಿಹಾರಕ್ಕೆ ಅರ್ಜಿ ಹಾಕುವಾಗಲೂ ಹಾಗೆಯೇ, ಬಿರುಕೇ ಮುಖ್ಯ. ಆದರೆ ಹಾರ ಹಾಕಲಿರುವ ಫೋಟೋದಲ್ಲಿ ಯಾರಿಗೆ, ಏನನ್ನು ತಿಳಿಯುವ ಹಕ್ಕಿದೆ? ಅಷ್ಟು ವರ್ಷ ಅಜ್ಜಿ ಕ್ಯಾಮೆರಾ ಮುಂದೆ ನಿಂತಾಗಲೆಲ್ಲ ಹಿನ್ನೆಲೆಯೇ ಮುಖ್ಯವಾಗಿತ್ತು. ಒಂದು ಸಲ ಅದು ಬೇಡ ಅಂದರು.

ಸುಳ್ಳು ಹೇಳುವುದಕ್ಕೂ ಎಲ್ಲವನ್ನೂ ಹೇಳದೆ ಇರುವುದಕ್ಕೂ ವ್ಯತ್ಯಾಸವಿದೆ. ಯಾವ ಸಂದರ್ಭದಲ್ಲೂ ಸುಳ್ಳನ್ನು ಒಪ್ಪದ ಜರ್ಮನ್ ತತ್ವಜ್ಞಾನಿ ಕಾಂಟ್ ಕೂಡ, ಗೊತ್ತಿರುವುದನ್ನೆಲ್ಲ ಹೊರಗೆ ಹಾಕಲೇಬೇಕು ಎಂದು ವಿಧಿಸಲಿಲ್ಲ. ನಾವು ಬಾಯಿಂದ ಹೇಳುವುದು ನಿಜವಾಗಿರಬೇಕು. ಬಾಯಿ ಮುಚ್ಚಿಕೊಳ್ಳುವ ಸ್ವಾತಂತ್ರ್ಯ ನಮ್ಮದು. ಬೂದಿಬಣ್ಣದ ಬಟ್ಟೆ ‘ನಾನು ಅರಮನೆಯಲ್ಲಿದ್ದೆ’ ಎನ್ನುವುದಿಲ್ಲ. ಅದು ಬಟ್ಟೆ ಎಂದು ನೋಡಿದವರಿಗೆಲ್ಲ ಗೊತ್ತು. ನಮ್ಮ ಮದುವೆಗಳಲ್ಲಿ ಗಂಡು ಹೆಣ್ಣಿನ ನಡುವೆ ಇಬ್ಬರು ನಿಂತು ಅಂತರಪಟ ಹಿಡಿಯುತ್ತಾರೆ. ಆಚೆ ಯಾರಿದ್ದಾರೆಂದು ಇಡೀ ಚಪ್ಪರಕ್ಕೆ ಗೊತ್ತಿದ್ದರೂ ಅದನ್ನು ಯಾರೂ ವಂಚನೆ ಎನ್ನುವುದಿಲ್ಲ. ಹಳೆಯ ಸ್ಟುಡಿಯೋಗಳಲ್ಲಿ ತಾಜಮಹಲಿನ ಪರದೆಯ ಮುಂದೆ ನಿಂತು ತೆಗೆಸಿಕೊಂಡ ಫೋಟೋವನ್ನು ನೋಡಿ ಇವರು ಆಗ್ರಾಕ್ಕೆ ಹೋಗಿದ್ದರು ಎಂದು ನಂಬಿದವರೂ ಕಡಿಮೆಯೇ. ಆಸೆಪಟ್ಟಿದ್ದರು ಎಂದು ತಿಳಿಯುತ್ತಿತ್ತು, ಅಷ್ಟೆ.

ಹಾಗಾದರೆ ಬಟ್ಟೆ ಕಟ್ಟುವುದು ಯಾವಾಗಲೂ ಮರ್ಯಾದೆಯ ಕೆಲಸ ಎಂದುಬಿಡಬಹುದೆ? ಇಲ್ಲ. ಹಿನ್ನೆಲೆ ಕಳಚುವುದರಲ್ಲಿ ಒಂದು ಕ್ರೌರ್ಯವೂ ಇರಬಲ್ಲದು. ಅದಕ್ಕೆ ಚರಿತ್ರೆಯಲ್ಲಿ ಒಂದು ಸ್ಟ್ಯಾಂಡಿನ ಉದಾಹರಣೆಯೇ ಇದೆ.

1869ರಲ್ಲಿ ಲಂಡನ್ನಿನ ಎಥ್ನಾಲಾಜಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಲ್ಯಾಂಪ್ರಿ ಎಂಬುವರು ಒಂದು ಸಣ್ಣ ಲೇಖನ ಪ್ರಕಟಿಸಿದರು. ಮನುಷ್ಯರ ದೇಹವನ್ನು ಅಳೆಯಲು ಅನುಕೂಲವಾಗುವಂತೆ ಫೋಟೋ ತೆಗೆಯುವ ವಿಧಾನ ಅದರ ವಿಷಯ. ಏಳಡಿ ಎತ್ತರ, ಮೂರಡಿ ಅಗಲದ ಗಟ್ಟಿ ಮರದ ಚೌಕಟ್ಟು ಮಾಡಿಕೊಳ್ಳಿ. ಒಳ ಅಂಚಿನಲ್ಲಿ ಎರಡೆರಡು ಇಂಚಿಗೆ ಗುರುತು ಹಾಕಿ ಸಣ್ಣ ಮೊಳೆ ಹೊಡೆಯಿರಿ. ಅವುಗಳಿಗೆ ರೇಷ್ಮೆ ದಾರ ಬಿಗಿದು ಎರಡಿಂಚಿನ ಚೌಕಗಳ ಜಾಲ ಮಾಡಿ. ಅದರ ಜೊತೆಗೆ ಮನುಷ್ಯನನ್ನು ನಿಲ್ಲಿಸಿ ಫೋಟೋ ತೆಗೆದರೆ ಮಲಯದವನನ್ನೂ ಇಂಗ್ಲಿಷಿನವನನ್ನೂ ಚೌಕ ಎಣಿಸಿ ಹೋಲಿಸಬಹುದು. ಓದಿದಾಗ ನನಗೆ ಗಾಬರಿಯಾದದ್ದು ಅದರ ಧಾಟಿಗೆ. ಅಳತೆ, ಸಾಮಾನು, ಮೊಳೆ, ದಾರ ಎಲ್ಲವೂ ನಾನು ಪೈಪು ಕತ್ತರಿಸುವಾಗ ಬರೆದುಕೊಂಡ ಚೀಟಿಯ ಹಾಗೇ ಇದೆ. ಯಾರು ಬೇಕಾದರೂ ಮಾಡಿಕೊಳ್ಳಬಹುದಾದ, ಕಡಿಮೆ ಖರ್ಚಿನ ಸ್ಟ್ಯಾಂಡ್. ಎತ್ತರವೂ ಅದೇ ಏಳಡಿ. ಆ ಚೌಕಟ್ಟಿನ ಜೊತೆ ನಿಂತವರನ್ನು ಬಟ್ಟೆ ಬಿಚ್ಚಿಸಿ, ಒಮ್ಮೆ ಎದುರಿನಿಂದ, ಒಮ್ಮೆ ಪಕ್ಕದಿಂದ ತೆಗೆಯುತ್ತಿದ್ದರು. 1890ರ ದಶಕದಲ್ಲಿ ಅಂಡಮಾನಿನ ಬ್ರಿಟಿಷ್ ಅಧಿಕಾರಿ ಪೋರ್ಟ್‌ಮನ್ ಅಲ್ಲಿನ ಮೂಲನಿವಾಸಿಗಳನ್ನು ಇಂಥದೇ ಚೌಕಳಿ ಹಿನ್ನೆಲೆಯ ಮುಂದೆ ನಿಲ್ಲಿಸಿ ತೆಗೆದ ಫೋಟೋಗಳು ಬ್ರಿಟಿಷ್ ಮ್ಯೂಸಿಯಂ ಸೇರಿದವು. ಆ ಚಿತ್ರಗಳಲ್ಲಿ ಕಾಡಿಲ್ಲ, ಕಡಲಿಲ್ಲ, ಪಕ್ಕದಲ್ಲಿ ಅಕ್ಕತಂಗಿಯರಿಲ್ಲ. ಹಿನ್ನೆಲೆ ಹೋದ ಜಾಗಕ್ಕೆ ಅಳತೆಪಟ್ಟಿ ಬಂದಿದೆ.

ಅದೇ ಶತಮಾನದಲ್ಲಿ, ಅಟ್ಲಾಂಟಿಕ್ ಸಾಗರದ ಆಚೆ, ಫ್ರೆಡರಿಕ್ ಡಗ್ಲಸ್ ಇದ್ದರು. ಗುಲಾಮನಾಗಿ ಹುಟ್ಟಿ, 1838ರಲ್ಲಿ ತಪ್ಪಿಸಿಕೊಂಡು, ಗುಲಾಮಗಿರಿಯ ವಿರುದ್ಧ ಅಮೆರಿಕದ ದೊಡ್ಡ ದನಿಯಾದವರು. ಅವರ ಬೇರೆ ಬೇರೆ ಫೋಟೋಗಳು ಸುಮಾರು 160 ಸಿಕ್ಕಿವೆ. ಆ ಶತಮಾನದ ಅಮೆರಿಕನ್ನರಲ್ಲಿ ಇಷ್ಟು ಫೋಟೋ ತೆಗೆಸಿಕೊಂಡವರು ಬೇರೆ ಯಾರೂ ಇಲ್ಲವೆಂದು ಅವನ್ನು ಸಂಗ್ರಹಿಸಿದವರು ಎಣಿಸಿದ್ದಾರೆ. ಫೋಟೋಗ್ರಫಿಯ ಬಗ್ಗೆ ಅವರು ಭಾಷಣಗಳನ್ನೂ ಮಾಡಿದರು. ಬಿಳಿಯ ಚಿತ್ರಗಾರರು ಕರಿಯರ ಮುಖವನ್ನು ವಿಕಾರಗೊಳಿಸಿ ಬರೆಯುತ್ತಾರೆ ಎಂಬುದು ಅವರ ದೂರು. ಫೋಟೋ ಅದಕ್ಕೆ ಮದ್ದು ಎಂಬುದು ಅವರ ನಂಬಿಕೆ. ಅವರ ಬಹುಪಾಲು ಫೋಟೋಗಳಲ್ಲಿ ಹಿಂದೆ ಬರೀ ಖಾಲಿ ಪರದೆ. ಆ ಕಾಲದ ಸ್ಟುಡಿಯೋಗಳಲ್ಲಿ ಕಂಬ, ಜಾಲರಿ, ಪುಸ್ತಕ, ಹೂದಾನಿ ಬೇಕಾದಷ್ಟಿದ್ದವು. ಡಗ್ಲಸ್ ಅವುಗಳ ಗೊಡವೆಗೆ ಹೆಚ್ಚು ಹೋಗಲಿಲ್ಲ. ಕೋಟು, ಬಿಗಿದ ತುಟಿ, ನೇರ ನೋಟ, ಅಷ್ಟು ಸಾಕಿತ್ತು.

ಅಂಡಮಾನಿನ ಫೋಟೋವನ್ನೂ ಡಗ್ಲಸ್ಸರ ಫೋಟೋವನ್ನೂ ಪಕ್ಕಪಕ್ಕ ಇಟ್ಟರೆ ಎರಡರಲ್ಲೂ ಮನುಷ್ಯನ ಹಿಂದೆ ಅವನ ಲೋಕ ಇಲ್ಲ. ಒಂದರಲ್ಲಿ ಅದನ್ನು ಕಿತ್ತುಕೊಂಡಿದ್ದಾರೆ, ಇನ್ನೊಂದರಲ್ಲಿ ಅವರೇ ಬದಿಗಿಟ್ಟಿದ್ದಾರೆ. ಪರದೆ ಎರಡೂ ಕಡೆ ಪರದೆಯೇ. ಅದನ್ನು ಕಟ್ಟಲು ಹೇಳಿದವರು ಯಾರು, ಫೋಟೋ ಕೊನೆಗೆ ಯಾರ ಕೈ ಸೇರಿತು ಎಂಬುದರಲ್ಲಿ ವ್ಯತ್ಯಾಸವಿದೆ.

ಎರಡನೇ ಪ್ರಶ್ನೆಯೂ ಮೊದಲನೆಯದರಷ್ಟೇ ಮುಖ್ಯ. ಅಮೆರಿಕದ ರಿಚರ್ಡ್ ಅವೆಡಾನ್ 1979ರಿಂದ 1984ರವರೆಗೆ ದೇಶದ ಪಶ್ಚಿಮ ಭಾಗದಲ್ಲಿ ಸುತ್ತಿ, ಗಣಿ ಕೆಲಸಗಾರರು, ಅಲೆಮಾರಿಗಳು, ಹೋಟೆಲಿನಲ್ಲಿ ದುಡಿಯುವ ಹೆಂಗಸರು ಇಂಥವರನ್ನು ಬಿಳಿ ಕಾಗದದ ಹಾಳೆಯ ಮುಂದೆ ನಿಲ್ಲಿಸಿ ತೆಗೆದರು. ಯಾರನ್ನೂ ಬಲವಂತ ಮಾಡಲಿಲ್ಲ. ಎಲ್ಲರೂ ಒಪ್ಪಿಯೇ ನಿಂತವರು. 1985ರಲ್ಲಿ ಆ ಚಿತ್ರಗಳು ಮ್ಯೂಸಿಯಂ ಗೋಡೆ ಏರಿದಾಗ ಮೆಚ್ಚಿದವರಷ್ಟೇ ಮಂದಿ ಕೇಳಿದರು: ಪಶ್ಚಿಮವೇ ಕಾಣದ ಮೇಲೆ ಇದು ಯಾವ ಪಶ್ಚಿಮ? ನನ್ನ ತಕರಾರು ಸ್ವಲ್ಪ ಬೇರೆ. ಬಿಳಿ ಹಾಳೆ ಆ ಕೆಲಸಗಾರರ ಆಯ್ಕೆ ಆಗಿರಲಿಲ್ಲ, ನೋಡುವವರೂ ಅವರ ಮನೆಯವರಲ್ಲ. ಒಪ್ಪಿಗೆ ಕೇಳುವುದು ಒಂದು. ‘ಹಿಂದೆ ಏನಿರಬೇಕು?’ ಎಂದು ಕೇಳುವುದು ಅದಕ್ಕಿಂತ ಒಂದು ಹೆಜ್ಜೆ ಮುಂದಿನದು.

ಆ ಹೆಜ್ಜೆ ಹೇಗಿರಬಹುದು ಎಂಬುದಕ್ಕೆ ಪಶ್ಚಿಮ ಆಫ್ರಿಕಾದ ಮಾಲಿಯಲ್ಲಿದ್ದ ಸೇಡೂ ಕೇಟಾ ಒಳ್ಳೆಯ ಉದಾಹರಣೆ. 1948ರಲ್ಲಿ ಬಮಾಕೋ ಊರಿನಲ್ಲಿ ಸ್ಟುಡಿಯೋ ತೆರೆದಾಗ ಅವರ ಮೊದಲ ಹಿನ್ನೆಲೆ ತನ್ನ ಹಾಸಿಗೆಯ ಹೊದಿಕೆ. ಅದು ಸವೆದಾಗ ಬೇರೊಂದು ಬಟ್ಟೆ. ಎಷ್ಟೋ ವರ್ಷಗಳ ನಂತರ, ಯಾವ ಫೋಟೋ ಯಾವ ಕಾಲದ್ದು ಎಂದು ಅವರು ಗುರುತಿಸುತ್ತಿದ್ದದ್ದು ಹಿಂದಿನ ಬಟ್ಟೆಯನ್ನು ನೋಡಿಯೇ. ಬಂದವರಿಗೆ ಹಾಕಿಕೊಳ್ಳಲು ಕೋಟು, ಕೈಗೆ ಗಡಿಯಾರ, ಪಕ್ಕಕ್ಕೆ ರೇಡಿಯೋ, ವೆಸ್ಪಾ ಸ್ಕೂಟರ್ ಕೂಡ ಅಲ್ಲಿರುತ್ತಿತ್ತು. ಯಾವುದು ಬೇಕೋ ಆರಿಸಿಕೊಂಡು, ಹೇಗೆ ಕಾಣಬೇಕೋ ಹಾಗೆ ಕೂತು, ಫೋಟೋ ಪಡೆದು ಮನೆಗೆ ಒಯ್ಯುತ್ತಿದ್ದರು. ಆ ಜನರ ಮೇಲೆ ಆಗ ಫ್ರೆಂಚರ ಆಡಳಿತವಿತ್ತು. ಅವರನ್ನು ಬೇರೆಯವರು ಹೇಗೆಲ್ಲ ಚಿತ್ರಿಸುತ್ತಿದ್ದರೋ, ಆ ಹೊದಿಕೆಯ ಮುಂದಿನ ಅರ್ಧ ಗಂಟೆ ಅವರದಾಗಿತ್ತು.

ನಮ್ಮೂರಿಗೇ ಮರಳುತ್ತೇನೆ. ಆಯ್ಕೆ ಕೂತವರದು ಎಂದು ಹೇಳುವುದು ಸುಲಭ, ಆದರೆ ಅವರ ಸುತ್ತ ಇನ್ನೂ ಹತ್ತು ಜನ ನಿಂತಿರುತ್ತಾರೆ. ಆಲೆಮನೆಯಲ್ಲಿ ಬೆಲ್ಲ ಕಾಯಿಸುವ ಒಬ್ಬ ಹಿರಿಯರ ಬಳಿ ಹೋದಾಗ ಆದದ್ದು ಇದು. ಅವರು ಪೈಪುಗಳನ್ನು ನೋಡಿ ನಕ್ಕು, “ಬಟ್ಟೆ ಯಾಕ್ ಮಗ? ನಲ್ವತ್ ವರ್ಸ ಈ ಒಲೆ ಮುಂದೇ ನಿಂತಿವ್ನಿ. ಇದೇ ಇರ್ಲಿ” ಅಂದರು. ಹಿಂದೆ ಕೊಪ್ಪರಿಗೆ, ಹಬೆ, ಒಣಗಿದ ಕಬ್ಬಿನ ಸಿಪ್ಪೆಯ ಗುಡ್ಡೆ. ಬೆಂಗಳೂರಿನಲ್ಲಿರುವ ಮಗ ಅವತ್ತು ಊರಿಗೆ ಬಂದಿದ್ದರು. ಪಕ್ಕಕ್ಕೆ ಕರೆದು, “ಅಪ್ಪನ್ನ ಆ ಹೊಗೇಲಿ ನಿಲ್ಲಿಸ್ಬೇಡಿ ಸಾರ್. ನಮ್ಮನೆ ಹಾಲ್‌ನಲ್ಲಿ ಹಾಕೋ ಫೋಟೋ ಅದು. ಬಂದೋರು ನೋಡ್ತಾರೆ” ಅಂದರು.

ಮಗನ ಮಾತನ್ನು ಬರೀ ಒಣಪ್ರತಿಷ್ಠೆ ಎನ್ನಲಾರೆ. ಬಾಡಿಗೆ ಮನೆಯ ಹಾಲಿನಲ್ಲಿ ಕೂತು ‘ಹಿನ್ನೆಲೆ’ ವಿಚಾರಿಸುವವರ ಕಣ್ಣು ಎದುರಿಸುವವರು ಅವರು. ಮಗಳ ಮದುವೆಯ ಮಾತು ಬೇರೆ ನಡೆಯುತ್ತಿತ್ತು. ಸತ್ತವರ ಫೋಟೋ ಸತ್ತವರಿಗಾಗಿ ಇರುವುದಿಲ್ಲ, ಅದರ ಕೆಳಗೆ ದಿನಾ ಓಡಾಡುವವರು ಬದುಕಿರುವವರು. ಆದರೂ ಫೋಟೋದೊಳಗೆ ನಿಲ್ಲುವ ದೇಹ ಅಪ್ಪನದು. ನಲವತ್ತು ವರ್ಷ ಆ ಬೆಂಕಿಯ ಮುಂದೆ ಬೆಂದದ್ದೂ ಅದೇ ದೇಹ. ಅಜ್ಜಿಯ ಗೋಡೆಯ ಬರಹವನ್ನು ಯಾರೋ ಬಂದು ಬರೆದುಹೋದರು. ಈ ಕೊಪ್ಪರಿಗೆ ಅವರು ಗಳಿಸಿದ ಹಿನ್ನೆಲೆ. ಒಂದನ್ನು ಮುಚ್ಚಿದ ನ್ಯಾಯವೇ ಇನ್ನೊಂದನ್ನು ತೆರೆದಿಡಬೇಕು ಎನ್ನುತ್ತದೆ. ಆಲೆಮನೆಯಲ್ಲೇ ತೆಗೆದೆವು. ಮಗ ಬೇಸರಪಟ್ಟರು. ಆ ಬೇಸರಕ್ಕೆ ನನ್ನಲ್ಲಿ ಸಮಾಧಾನವಿಲ್ಲ, ಇರಬೇಕಾಗಿಯೂ ಇಲ್ಲ.

ಇನ್ನೊಂದು ಮಾತು ಉಳಿಯುತ್ತದೆ, ಅದು ನನ್ನ ಬಟ್ಟೆಯ ವಿರುದ್ಧದ ಮಾತು. ಅಜ್ಜಿಗೆ ಆ ಗೋಡೆ ಬೇಡವಾದದ್ದು ಯಾಕೆ? ಸರ್ಕಾರದ ಮನೆ ಪಡೆಯುವುದು ನಾಚಿಕೆಯ ಸಂಗತಿಯಲ್ಲ, ಅದು ಹಕ್ಕು. ಆ ನಾಚಿಕೆಯನ್ನು ಅಕ್ಷರ ಬರೆದವರು ಅವರ ಮೇಲೆ ಹೊರಿಸಿದ್ದಾರೆ. ನಾವು ಬಟ್ಟೆ ಕಟ್ಟಿ ಫೋಟೋ ತೆಗೆದು ಸಮಾಧಾನದಿಂದ ಬಂದೆವು. ಗೋಡೆಯ ಬರಹ ಅಲ್ಲೇ ಇದೆ. ಅಜ್ಜಿ ದಿನಾ ಬೆಳಿಗ್ಗೆ ಅದರ ಕೆಳಗೇ ರಂಗೋಲಿ ಹಾಕುತ್ತಾರೆ. ಒಂದು ಚಿತ್ರದಲ್ಲಿ ಮರ್ಯಾದೆ ಕೊಟ್ಟು, ಬದುಕಿನಲ್ಲಿ ಕೊಡಬೇಕಾದ್ದನ್ನು ಮರೆಯಲು ಇದೊಂದು ನೆಪವಾಗಬಾರದು. ಹಣ ಯಾರಿಗೆ ಹೋಯಿತು ಎಂದು ಊರಿಗೆ ತಿಳಿಯಬೇಕಾದ್ದು ನ್ಯಾಯವೇ, ಅದಕ್ಕೆ ಪಂಚಾಯಿತಿಯಲ್ಲಿ ಪಟ್ಟಿ ಇರುತ್ತದೆ. ಮನುಷ್ಯರು ವಾಸಿಸುವ ಮನೆಯ ಹಣೆಯ ಮೇಲೂ ಅದು ಇರಬೇಕೇ? ತೆರಿಗೆ ವಿನಾಯಿತಿ ಪಡೆದ ಯಾರ ಬಂಗಲೆಯ ಮೇಲೂ ಹಾಗೆ ಬರೆದದ್ದನ್ನು ನಾನು ನೋಡಿಲ್ಲ. ಇದನ್ನು ಗ್ರಾಮಸಭೆಯಲ್ಲಿ ಕೇಳಬೇಕು ಎಂದು ನಾವು ಮಾತಾಡಿಕೊಂಡಿದ್ದೇವೆ. ಬಟ್ಟೆಯಿಂದ ಆಗುವ ಕೆಲಸ ಬಟ್ಟೆಯಷ್ಟೇ ಅಗಲ.

ಈಗ ಯಾವ ಮನೆಗೆ ಹೋದರೂ ಪೈಪುಗಳನ್ನು ಜೋಡಿಸದೆ ಚಾಪೆಯ ಮೇಲೆ ಬಿಡಿಬಿಡಿಯಾಗಿಯೇ ಹರಡುತ್ತೇವೆ. ಮಕ್ಕಳು ಬಂದು ಕೀಲು ಕೂರಿಸುತ್ತಾರೆ. ಮೇಲೆ ಕಂಪನಿಯ ಅಕ್ಷರ, ಅಳತೆ ಅಚ್ಚಾದ, ನಲ್ಲಿಗೆ ಹಾಕುವ ಅದೇ ಪೈಪು; ಅದನ್ನು ಕಂಡು ಯಾರೂ ಹೆದರುವುದಿಲ್ಲ. ಸ್ಟುಡಿಯೋದಲ್ಲಿ ದೀಪಗಳ ನಡುವೆ ‘ಹೀಗೆ ಕೂರಿ’ ಎಂದರೆ ಕೂರುತ್ತಿದ್ದವರು ಇಲ್ಲಿ ‘ಇದನ್ನ ಆ ಕಡೆ ಎತ್ತಿಡು’, ‘ಬಟ್ಟೆ ಬೇಡ, ನಮ್ಮ ಹಸ ಇರ್ಲಿ’, ‘ನನ್ನ ಮದ್ವೆ ಸೀರೆ ಹಾಕು ಹಿಂದೆ’ ಎನ್ನುತ್ತಾರೆ. ತಿರುವಿ ಎಳೆದರೆ ಬಿಡುವ ಕೀಲು ಬೈಕಿನಲ್ಲಿ ಸಾಗಿಸಲೆಂದು ಮಾಡಿದ್ದು. ಬೇಡವೆಂದಾಗ ಎರಡು ನಿಮಿಷದಲ್ಲಿ ತೆಗೆದುಬಿಡಬಹುದು ಎಂಬುದು ಅದರ ಹೆಚ್ಚಿನ ಉಪಯೋಗ.

ಗೆಳೆಯನ ಮೊದಲ ಪ್ರಶ್ನೆಗೂ, ಅಂದರೆ ಮೊಮ್ಮಕ್ಕಳಿಗೆ ತಿಳಿಯುವುದು ಹೇಗೆ ಎಂಬುದಕ್ಕೂ, ಒಂದು ದಾರಿ ಮಾಡಿಕೊಂಡಿದ್ದೇವೆ. ಪ್ರಿಂಟಿನ ಬೆನ್ನಿಗೆ ಪೆನ್ಸಿಲಿನಲ್ಲಿ ತಾರೀಖು, ಊರು, ಮತ್ತು ಕೂತವರು ಬರೆಯಲು ಹೇಳಿದಷ್ಟನ್ನು ಬರೆಯುತ್ತೇವೆ. ಅಲ್ಲೂ ಅವರು ಹೇಳಿದಷ್ಟೇ. ಕೆಲವರು ಗಂಡನ ಹೆಸರು ಹೇಳುತ್ತಾರೆ, ಕೆಲವರು ತವರೂರಿನದು. ಒಬ್ಬರು ತಾವು ಹೆತ್ತ ಏಳು ಮಕ್ಕಳ ಹೆಸರನ್ನೂ ಬರೆಸಿದರು, ಬದುಕುಳಿಯದ ಮೂವರದ್ದೂ ಸೇರಿ. ಆಲೆಮನೆಯ ಹಿರಿಯರದನ್ನು ಪ್ರಿಂಟ್ ಹಾಕಿಸಿದಾಗ ಏನು ಬರೆಯಲಿ ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ಒಲೆ ಯಾರದು, ಕೊಪ್ಪರಿಗೆ ಯಾರದು ಎಂದು ಮಾಲೀಕರ ಹೆಸರು ಹೇಳಿದರು. ಆಮೇಲೆ, “ಪಾಕ ನಂದು ಅಂತ ಬರಿ” ಅಂದರು.